ಹುಳು ಮನೆಯ ಜೀಪು

ನಮ್ಮಪ್ಪ ಚಿಕ್ಕಬೀರಪ್ಪ ರೇಷ್ಮೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಡ್ರೈವರಾಗಿದ್ದ. ಸಾಹೇಬರು ಬದಲಾಗುತ್ತಿದ್ದರು, ಜೀಪು ಮಾತ್ರ ಅದೇ. ಹುಳು ಸಾಕುವುದು ಹೇಗೆ ಎಂದು ರೈತರಿಗೆ ಕಲಿಸಲು ಹೋಗುತ್ತಿದ್ದ ಆ ಸಾಹೇಬರ ಮಾತನ್ನೆಲ್ಲ ಕೇಳಿ ಕೇಳಿ ಅಪ್ಪನಿಗೆ ಬಾಯಿಪಾಠವಾಗಿತ್ತು. ಮನೆಗೆ ಬಂದು ಅಮ್ಮನ ಮುಂದೆ ಅದನ್ನೇ ಒಪ್ಪಿಸುತ್ತಿದ್ದ. ಅಮ್ಮ ವರಲಕ್ಷ್ಮಮ್ಮ ಮದುವೆಯಾಗಿ ಬಂದ ದಿನದಿಂದ ಹುಳು ಸಾಕಿದವಳು. ಅಪ್ಪ ಒಂದು ದಿನವೂ ಒಂದು ಹುಳುವಿಗೆ ಒಂದು ಎಲೆ ಹಾಕಿದವನಲ್ಲ. ಆದರೂ ಪಾಠ ಹೇಳುವವನು ಅವನೇ, ಕೇಳಬೇಕಾದವಳು ಅವಳು.

ತೊಂಬತ್ತನೇ ಇಸವಿಯಲ್ಲಿ ಅಪ್ಪನೂ ಜೀಪೂ ಒಟ್ಟಿಗೆ ನಿವೃತ್ತರಾದರು. ಅಪ್ಪನಿಗೆ ಒಂದು ಹಾರ ಹಾಕಿ, ಒಂದು ಸಫಾರಿ ಬಟ್ಟೆ ಕೊಟ್ಟು ಕಳಿಸಿದರು. ಜೀಪನ್ನು ಹರಾಜಿಗೆ ನಿಲ್ಲಿಸಿದರು. ಗುಜರಿಯವರು ಬಿಟ್ಟರೆ ಅದನ್ನು ಕೂಗಿದವನು ನಮ್ಮಪ್ಪ ಒಬ್ಬನೇ. ನಮ್ಮ ಎತ್ತುಗಳನ್ನು ಕಟ್ಟಿ ಎಳೆಸಿಕೊಂಡು ಬಂದ. ಮುಂದಿನ ತಿಂಗಳು ಅದಕ್ಕೊಂದು ಡೀಸೆಲ್ ಎಂಜಿನ್ ಬೇಕೆಂದು ಆ ಎತ್ತುಗಳನ್ನೇ ಮಾರಿದ. ಇದಕ್ಕಿಂತ ಹೆಚ್ಚಿಗೆ ನಮ್ಮಪ್ಪನ ವಿಷಯ ಹೇಳಬೇಕಾಗಿಯೇ ಇಲ್ಲ, ಆದರೂ ಹೇಳುತ್ತೇನೆ. ಇಷ್ಟು ವರ್ಷವಾದರೂ ನೆನೆದರೆ ಮೈ ಉರಿಯುತ್ತದೆ.

ನಮ್ಮ ಮನೆ ಸೂಲಿಬೆಲೆಯಿಂದ ವಿಜಯಪುರಕ್ಕೆ ಹೋಗುವ ದಾರಿಯಲ್ಲಿ, ಊರ ಹೊರಗೆ ತೋಟದಲ್ಲಿತ್ತು. ಮನೆಯ ಪಕ್ಕಕ್ಕೆ ಹುಳು ಮನೆ. ಅದರ ಮುಂದೆ ಹೆಂಚು ಹೊದಿಸಿದ ಉದ್ದನೆಯ ಪಡಸಾಲೆ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳನ್ನು ಅಲ್ಲಿ ಒರಗಿಸಿಡುತ್ತಿದ್ದೆವು. ಜೀಪು ಬಂದ ದಿನ ಮಳೆ. "ಒಂದು ವಾರ ಇಲ್ಲಿರ್ಲಿ ಕಣೇ, ಆಮೇಲೆ ಒಂದು ಶೆಡ್ ಹಾಕ್ತೀನಿ" ಅಂತ ಹೇಳಿ ಅಪ್ಪ ಅದನ್ನು ಪಡಸಾಲೆಗೆ ನೂಕಿಸಿದ. ಆ ಒಂದು ವಾರ ಮೂರು ವರ್ಷವಾಯಿತು.

ಬಿಚ್ಚುವುದರಲ್ಲಿ ಅಪ್ಪನಷ್ಟು ಚುರುಕಾದವನು ನಮ್ಮ ತಾಲ್ಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ. ಹತ್ತು ದಿನದಲ್ಲಿ ಜೀಪಿನ ಮೈಮೇಲೆ ಏನೂ ಉಳಿಯಲಿಲ್ಲ. ಕೂಡಿಸುವ ಹೊತ್ತಿಗೆ ಒಂದು ಬೋಲ್ಟು ಸಿಕ್ಕರೆ ಅದರ ನಟ್ಟು ಸಿಗುತ್ತಿರಲಿಲ್ಲ. ಅಕ್ಕಿ ಕೇರುವ ಮೊರದಲ್ಲಿ ಬೇರಿಂಗು, ಇಡ್ಲಿ ತಟ್ಟೆಯ ಗುಳಿಗಳಲ್ಲಿ ಅಳತೆವಾರು ವಾಷರು, ದೇವರ ಗೂಡಿನಲ್ಲಿ ದೀಪದ ಎಣ್ಣೆಯ ಪಕ್ಕದಲ್ಲೇ ಗೇರ್ ಆಯಿಲ್. ಒಂದು ಸಂಕಷ್ಟಿಯ ದಿನ ಅಮ್ಮ ಗಣಪತಿಗೆ ಗೇರ್ ಆಯಿಲ್‌ನಲ್ಲೇ ದೀಪ ಹಚ್ಚಲು ಹೋಗಿ, ದೀಪ ಹೊತ್ತದೆ, ಏನೋ ಅಪಶಕುನ ಎಂದು ಅತ್ತಳು. ಅಪ್ಪ ಬಂದು ಮೂಸಿ ನೋಡಿ, "ಅಯ್ಯೋ, ಇದು ಬಲು ದುಬಾರಿ ಎಣ್ಣೆ ಕಣೇ" ಅಂತ ಬತ್ತಿ ಹಿಂಡಿ ಡಬ್ಬಕ್ಕೆ ಹಾಕಿಕೊಂಡ.

ಸುಮ್ಮನೆ ಮೊದಲಿದ್ದ ಹಾಗೆ ರಿಪೇರಿ ಮಾಡಿದ್ದರೆ ಆರು ತಿಂಗಳಲ್ಲಿ ಮುಗಿಯುತ್ತಿತ್ತು. ಅಪ್ಪನಿಗೆ ಅದು ಸಾಲದು. ನಮ್ಮ ತೋಟದಿಂದ ಟಾರು ರಸ್ತೆಗೆ ಮುಟ್ಟುವ ಒಂದು ಮೈಲಿ ದಾರಿ ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು, ನಡುವೆ ಒಂದು ಹಳ್ಳ. ಅದಕ್ಕೆ ಜೀಪು ಇನ್ನೂ ಅರ್ಧ ಅಡಿ ಎತ್ತರ ನಿಲ್ಲಬೇಕು, ಎಂಥಾ ಕೆಸರಿನಲ್ಲೂ ಹೊಟ್ಟೆ ತಾಗದ ಹಾಗೆ ನಾಲ್ಕು ಗಾಲಿಯಲ್ಲೂ ಎಳೆಯಬೇಕು ಎಂದು ಹಟ ಹಿಡಿದ. ಯಾಕೆ, ಯಾರಿಗಾಗಿ ಎಂದು ಕೇಳಿದರೆ ಗ್ರೀಸು ಕೈಯಲ್ಲೇ ಬೀಡಿ ಹಚ್ಚಿಕೊಂಡು ಜೀಪಿನ ಕೆಳಕ್ಕೆ ಹೋಗಿಬಿಡುತ್ತಿದ್ದ.

ಆ ಬೀಡಿಯೇ ಜಗಳದ ಮೂಲ. ಹುಳು ಸಾಕಿದವರಿಗೆ ಗೊತ್ತು, ಅವು ಕೂಸಿಗಿಂತ ಸೂಕ್ಷ್ಮ. ಹುಟ್ಟಿ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳು ಎಲೆ ಮುಟ್ಟುವುದಿಲ್ಲ, ತಲೆಯೆತ್ತಿ ಸುಮ್ಮನೆ ಕೂತಿರುತ್ತದೆ. ಆಗ ಹೊಗೆ ಕೂಡದು, ಸೀಮೆಎಣ್ಣೆ ವಾಸನೆ ಕೂಡದು, ಬಡಿಯುವುದು ಕುಟ್ಟುವುದು ಕೂಡದು. ಅಮ್ಮ ಆ ದಿನಗಳಲ್ಲಿ ಒಗ್ಗರಣೆ ಕೂಡ ಹಾಕುತ್ತಿರಲಿಲ್ಲ. ಗೋಡೆಯ ಈಚೆ ಅಪ್ಪ ಸೀಮೆಎಣ್ಣೆಯಲ್ಲಿ ಎಂಜಿನ್ ತೊಳೆಯುತ್ತಿದ್ದ.

ತೊಂಬತ್ತೆರಡರಲ್ಲಿ ಎರಡು ಬೆಳೆ ಸಾಲಾಗಿ ಹೋಯಿತು. ಹುಳುಗಳೆಲ್ಲ ಸಪ್ಪೆ ರೋಗ ಬಿದ್ದು ತಟ್ಟೆಯಲ್ಲೇ ಕರಗಿದವು.

"ನಿಮ್ಮ ಜೀಪಿನ ವಾಸ್ನೆಗೇ ಸತ್ವು" ಅಂದಳು ಅಮ್ಮ.

"ಗಾಳಿ ಬೆಳಕು ಸಾಲ್ದೆ ಹೋದ್ರೆ ಹಂಗಾಗ್ತೈತೆ ಅಂತ ಸಾಹೇಬ್ರು ಹೇಳ್ತಿದ್ರು" ಅಂದ ಅಪ್ಪ.

"ಗಾಳಿಗೆ ಅಡ್ಡ ನಿಂತಿರೋದೇನು? ನಿಮ್ಮ ಜೀಪೇ ಅಲ್ವಾ?"

ಅಪ್ಪನ ತಾಯಿ, ನಮ್ಮಜ್ಜಿ ಅಮ್ಮಯಮ್ಮನಿಗೆ ಈ ದಿನದಿನದ ರಾಮಾಯಣ ಕೇಳಿ ಸಾಕಾಗಿತ್ತು. ತೊಂಬತ್ತಮೂರರ ಆಷಾಢದಲ್ಲಿ, ಹೊಸ ಮೊಟ್ಟೆ ತರುವ ಮುಂಚೆ, ಇಬ್ಬರನ್ನೂ ಕೂರಿಸಿಕೊಂಡು ತೀರ್ಪು ಕೊಟ್ಟಳು. "ಇದೇ ಕೊನೆ ಬೆಳೆ. ಗೂಡು ಮಾರುಕಟ್ಟೆ ಕಾಣ್ದೆ ಹೋದ್ರೆ, ವರಲಕ್ಷ್ಮಿ, ನೀನು ಹುಳು ಬಿಟ್ಬಿಡು. ಹಿಪ್ನೇರಳೆ ಕಡ್ಡಿ ಕಿತ್ತಾಕಿ ದ್ರಾಕ್ಷಿ ಹಾಕ್ಲಿ, ಹುಳು ಮನೆ ಅವನ ಜೀಪಿಗಾಗ್ಲಿ. ಗೂಡು ಮಾರಾಟ ಆಗ್ಬಿಟ್ರೆ, ಲೋ ಬೀರಪ್ಪ, ಜೀಪು ಗುಜರಿಗೆ. ಒಂದು ಮನೇಲಿ ಎರಡು ಹುಚ್ಚು ಆಗಾಕಿಲ್ಲ."

ಅಮ್ಮ ಆಗಲಿ ಅಂದಳು. ಅಪ್ಪನೂ ಬೀಡಿ ತಿರುಗಿಸುತ್ತಾ ಆಗಲಿ ಅಂದ. ನನಗಾಗ ಹದಿನೇಳು, ಪಿಯುಸಿಯಲ್ಲಿದ್ದೆ. ಅಮ್ಮನಿಗೆ ಆ ಹುಳು ಮನೆ ಬಿಟ್ಟರೆ ತನ್ನದು ಅಂತ ಇನ್ನೇನೂ ಇಲ್ಲವೆಂದು ನನಗೆ ಗೊತ್ತಿತ್ತು. ನಾನು ಪೂರ್ತಿ ಅಮ್ಮನ ಕಡೆ.

ಇನ್ನೂರು ಮೊಟ್ಟೆ ತಂದೆವು, ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನಾನೂರು ಮೊಟ್ಟೆಗಳ ಗುಂಪು. ಅಮ್ಮ ಪಡಸಾಲೆಗೆ ಒಂದು ಕಾನೂನು ಮಾಡಿದಳು. ಹುಳು ಇರುವಷ್ಟು ದಿನ ಎಂಜಿನ್ ಚಾಲೂ ಮಾಡಕೂಡದು, ಬೀಡಿ ಸೇದಕೂಡದು, ವೆಲ್ಡಿಂಗ್ ಅಂತೂ ಅದರ ಹೆಸರೇ ಎತ್ತಕೂಡದು. ಆ ಹೊತ್ತಿಗೆ ಅಪ್ಪನ ಕೆಲಸ ಮುಕ್ಕಾಲು ಮುಗಿದಿತ್ತು. ಎಂಜಿನ್ ಕೂರಿಸಿಯಾಗಿತ್ತು. ಮುಂದಿನ ಆಕ್ಸಲ್ಲಿಗೆ ವಿಜಯಪುರದಲ್ಲಿ ವೆಲ್ಡಿಂಗ್ ಮಾಡಿಸಿ ತಂದು ಮುಂಭಾಗ ಎತ್ತರಿಸಿಯಾಗಿತ್ತು. ಹಿಂದಿನದೊಂದು ಬಾಕಿ. ಜೀಪಿನ ಭಾರ ಹೊರುವ ಪಟ್ಟಾಗಳು ಆಕ್ಸಲ್ಲಿನ ಕೆಳಗಿದ್ದವು, ಅವು ಮೇಲಕ್ಕೆ ಬಂದರೆ ಜೀಪು ಎತ್ತರವಾಗುತ್ತದೆ. ಆದರೆ ಪಟ್ಟಾ ಕೂರುವ ಜಾಗ ಆಕ್ಸಲ್ಲಿನ ಅಡಿಯಲ್ಲಿ ಮಾತ್ರ ಇತ್ತು. ಮೇಲೆ ಹೊಸದಾಗಿ ಮಾಡಿಸಲು ವೆಲ್ಡಿಂಗ್ ಬೇಕು. ಸರಿ, ವೆಲ್ಡಿಂಗ್ ಯಾಕೆ, ಆಕ್ಸಲ್ಲನ್ನೇ ಮಗುಚಿ ಹಾಕಿದರೆ ಅಡಿಯಲ್ಲಿದ್ದದ್ದು ತಾನಾಗಿ ಮೇಲೆ ಬರುತ್ತದಲ್ಲ ಎಂದು ಅಪ್ಪನ ತಲೆಗೆ ಹೊಳೆಯಿತು. ಹುಳುಗಳು ಮೂರನೇ ಜ್ವರದಿಂದ ಎದ್ದ ದಿನ ಪಕ್ಕದ ತೋಟದ ಆಂಜಿನಪ್ಪನನ್ನು ಕರೆದುಕೊಂಡು, ಸದ್ದಾಗದ ಹಾಗೆ ಗೋಣಿಚೀಲ ಹಾಸಿ, ಆಕ್ಸಲ್ಲನ್ನು ಮಗುಚಿ ಕೂರಿಸಿದ.

ಆಂಜಿನಪ್ಪ ಟ್ರ್ಯಾಕ್ಟರ್ ಇಟ್ಟುಕೊಂಡವನು. ತಲೆ ಕೆರೆದುಕೊಂಡು, "ಅಣ್ಣ, ಯಾಕೋ ಇದು ಸರಿಯಿಲ್ಲ ಅನ್ನಿಸ್ತೈತೆ" ಅಂದ.

"ಲೇ, ನೀನು ಹುಟ್ಟೋಕ್ಮುಂಚೆ ಸ್ಟೇರಿಂಗ್ ಹಿಡಿದೋನು ನಾನು. ನಂಗ್ ಹೇಳ್ಕೊಡ್ಬ್ಯಾಡ, ಬೋಲ್ಟ್ ಹಿಡಿ" ಅಂದ ಅಪ್ಪ.

ಬೋಲ್ಟು ಬಿಗಿಯಾಯಿತು. ಚಾಲೂ ಮಾಡಿ ನೋಡುವಂತಿಲ್ಲ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತವು, ಎದ್ದವು, ಹೊತ್ತು ಹೊತ್ತಿಗೆ ಕುಕ್ಕೆಗಟ್ಟಲೆ ಸೊಪ್ಪು ತಿಂದವು, ಗೂಡು ಕಟ್ಟುವಷ್ಟು ಹಣ್ಣಾಗಿ ಚಂದ್ರಿಕೆಗೆ ಏರಿದವು. ಅಪ್ಪ ದಿನಾ ಸಂಜೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತು, ಬೀಡಿ ಬಾಯಲ್ಲಿಟ್ಟುಕೊಂಡು ಹಚ್ಚದೆ, ಗೇರು ಹಾಕುತ್ತಾ ತೆಗೆಯುತ್ತಾ ಕಾಲ ಕಳೆದ. ಅವನ ಮೇಲೆ ಕನಿಕರ ಬಂದಿದ್ದು ಆಗ ಮಾತ್ರ, ಅದೂ ಒಂದೆರಡು ನಿಮಿಷ.

ಗೂಡು ಎಂಥಾ ಗೂಡು! ನಿಂಬೆಹಣ್ಣಿನ ಬಣ್ಣ, ಬೆರಳಲ್ಲಿ ಒತ್ತಿದರೆ ಗಟ್ಟಿ. ಅಮ್ಮ ಬಿಡಿಸುತ್ತಾ ಬಿಡಿಸುತ್ತಾ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಳು. ಅಷ್ಟರಲ್ಲಿ ಮಳೆ ಹಿಡಿಯಿತು. ಮೂರು ದಿನ ಬಿಡಲಿಲ್ಲ. ಹಳ್ಳದ ಮೋರಿ ಕೊಚ್ಚಿಹೋಯಿತು. ಊರಿನವರ ಗೂಡನ್ನೆಲ್ಲ ಸಾಗಿಸುವ ಟೆಂಪೋ ಆಚೆ ದಡದಲ್ಲಿ ಬಂದು ನೋಡಿ ವಾಪಸ್ ಹೋಯಿತು. ಟಾರು ರಸ್ತೆಯಲ್ಲಿ ಕೂಡ ಮರ ಬಿದ್ದು ಬಸ್ಸು ನಿಂತಿತ್ತು. ಗಾಡಿಯವರು ಎತ್ತುಗಳನ್ನು ಹಳ್ಳಕ್ಕೆ ಇಳಿಸಲು ಒಪ್ಪಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮಳೆ ನಿಂತಾಗ ಅಮ್ಮ ಒಂದು ಗೂಡು ಕತ್ತರಿಸಿ ನೋಡಿದಳು. ಒಳಗಿನ ಹುಳು ಕಪ್ಪಾಗತೊಡಗಿತ್ತು. ಇನ್ನೊಂದೆರಡು ದಿನ ಬಿಟ್ಟರೆ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡನ್ನು ಯಾರೂ ಮೂಸಿ ನೋಡುವುದಿಲ್ಲ.

ಅಮ್ಮ ಕೇಳುವುದು ಹೇಗೆ? ಅವಳಿಗೆ ಬೇಕಾದ ಗಾಡಿ ಪಡಸಾಲೆಯಲ್ಲೇ ಇತ್ತು, ಅದನ್ನು ಮೂರು ವರ್ಷ ಬೈದಿದ್ದಳು. ಅಪ್ಪನ ಮಟ್ಟಿಗೆ ಕೈ ಕಟ್ಟಿ ಕೂತರೆ ಸಾಕಿತ್ತು. ಗೂಡು ಹಾಳಾಗುತ್ತಿತ್ತು, ಜೀಪು ಉಳಿಯುತ್ತಿತ್ತು, ಹುಳು ಮನೆಯೂ ಅವನ ಪಾಲಿಗೆ ಬರುತ್ತಿತ್ತು. ಅಜ್ಜಿ ಅವನ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಎದ್ದು ಲುಂಗಿ ಮೇಲಕ್ಕೆ ಕಟ್ಟಿ, ನನ್ನ ಕಡೆ ತಿರುಗಿ, "ಶಾಮಲಾ, ಮೂಟೆ ಕಟ್ಟವ್ವಾ, ಹೋಗಾನ" ಅಂದ.

ಎಂಜಿನ್ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಅಪ್ಪನ ಮುಖ ನೋಡಬೇಕಿತ್ತು. ಜೀಪಿನ ಮೂತಿ ಗೋಡೆಯ ಕಡೆಗಿತ್ತು, ಹಿಂದಕ್ಕೆ ತೆಗೆದು ಅಂಗಳಕ್ಕೆ ತರಬೇಕು. ಅಪ್ಪ ಗತ್ತಿನಿಂದ ಹಿಂದೆ ತಿರುಗಿ ನೋಡಿ, ರಿವರ್ಸ್ ಗೇರು ಹಾಕಿ, ಕ್ಲಚ್ಚು ಬಿಟ್ಟ. ಜೀಪು ಮುಂದಕ್ಕೆ ಹೋಗಿ ಎಂಟು ಚಂದ್ರಿಕೆ ಮುರಿದು ಗೋಡೆಗೆ ಗುದ್ದಿತು.

ಇನ್ನೊಂದು ಸಲ ಹಾಕಿದ. ಇನ್ನೊಂದು ಸಲ ಗುದ್ದಿತು. ಮೂಟೆ ಹೊರಲು ಬಂದಿದ್ದ ಆಂಜಿನಪ್ಪ ಕೆಳಗೆ ಬಗ್ಗಿ ನೋಡಿ, ಮೆಲ್ಲಗೆ ಎದ್ದು ನಿಂತ.

"ಅಣ್ಣ, ಆಕ್ಸಲ್ ಮಗುಚಿದ್ವಲ್ಲ, ಅದ್ಕೇ ಹಿಂದಿನ ಗಾಲಿ ಉಲ್ಟಾ ತಿರುಗ್ತಾವೆ. ನಿಮ್ಗೆ ಈಗ ಮುಂದಕ್ಕೆ ಒಂದೇ ಗೇರು, ಹಿಂದಕ್ಕೆ ಮೂರು."

"ನಾಲ್ಕು ಗಾಲಿ ಎಳ್ತ ಹಾಕಿದ್ರೆ?" ಅಂದಳು ಅಜ್ಜಿ. ಮೂರು ವರ್ಷ ಕೇಳಿ ಕೇಳಿ ಅವಳಿಗೂ ಗೊತ್ತಾಗಿತ್ತು.

"ಮುಂದಿನವು ಮುಂದಕ್ಕೆ, ಹಿಂದಿನವು ಹಿಂದಕ್ಕೆ ಎಳೆದಾಡ್ತಾವೆ ಅಜ್ಜಿ. ನಿಂತಲ್ಲೇ ಮುರೀತೈತೆ."

ಮೂರು ವರ್ಷ. ಎರಡು ಎತ್ತು. ಎರಡು ಬೆಳೆ. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಮುರಿದ ಚಂದ್ರಿಕೆಯನ್ನು ಎತ್ತಿ ಅಂಗಳಕ್ಕೆ ಎಸೆದೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ಜೀಪಿನ ಎದುರಿಗೆ ಬಂದು ನಿಂತಳು. ಬಿಚ್ಚಿ ಸರಿ ಮಾಡಲು ಎಷ್ಟು ಹೊತ್ತು ಬೇಕು ಎಂದು ಕೇಳಿದಳು. ಅಪ್ಪ ಎರಡು ದಿನ ಅಂದ. ಅಂದರೆ ನಾಲ್ಕು ದಿನ.

"ಹಿಂದಕ್ಕೆ ಚೆನ್ನಾಗಿ ಓಡ್ತದಾ?"

"ಓಡ್ತದೆ" ಅಂದ ಅಪ್ಪ, ನೆಲ ನೋಡುತ್ತಾ.

"ಹಂಗಾದ್ರೆ ಹಿಂದಕ್ಕೇ ಹೋಗಾನ. ಮಾರುಕಟ್ಟೇಲಿ ಹರಾಜು ಹತ್ತು ಗಂಟೆಗೆ."

ಮೂಟೆಗಳನ್ನು ಹಿಂದೆ ಪೇರಿಸಿದೆವು. ಗೂಡಿನ ಮೂಟೆ ಹಗುರ, ಆದರೆ ಗಾತ್ರ ದೊಡ್ಡದು. ಅಪ್ಪನಿಗೆ ಹಿಂದಿನದೇನೂ ಕಾಣಲಿಲ್ಲ. ಅದಕ್ಕೆ ಅಮ್ಮ ಮೂಟೆಗಳ ಆಚೆ, ಜೀಪಿನ ಹಿಂಬಾಗಿಲ ಮೇಲೆ ಕೂತು ದಾರಿ ಹೇಳಬೇಕು ಅಂತಾಯಿತು. ನಾನು ನಡುವೆ ಮೂಟೆ ಅಪ್ಪಿಕೊಂಡು ಕೂತೆ. ಆಂಜಿನಪ್ಪ ಮತ್ತು ಊರಿನ ನಾಲ್ಕು ಜನ ಕೆಸರಿನಲ್ಲಿ ಹೂತಾಗಲೆಲ್ಲ ನೂಕಿ, ಹಳ್ಳದಲ್ಲಿ ತೊಡೆಯುದ್ದ ನೀರಿನಲ್ಲಿ ನಿಂತು ಜೀಪನ್ನು ದಾಟಿಸಿದರು. ಅರ್ಧ ಅಡಿ ಎತ್ತರಿಸಿದ್ದಕ್ಕೆ ಮೂಟೆಗೆ ನೀರು ತಾಗಲಿಲ್ಲ, ಅದನ್ನು ಮಾತ್ರ ಒಪ್ಪಿಕೊಳ್ಳಲೇಬೇಕು.

ಟಾರು ರಸ್ತೆಯಲ್ಲಿ ಬಿದ್ದ ಮರದ ಪಕ್ಕ ಜೀಪು ನುಸುಳುವಷ್ಟು ಜಾಗವಿತ್ತು, ಆದರೆ ಅಲ್ಲಿ ಇನ್ನೊಂದು ಫಜೀತಿ. ಅಮ್ಮ ಎಡಕ್ಕೆ ಅಂದರೆ ಅಪ್ಪ ತನ್ನ ಎಡಕ್ಕೆ ತಿರುಗಿಸುತ್ತಿದ್ದ, ಅವಳು ಕೂತಿದ್ದು ಅವನಿಗೆ ಬೆನ್ನು ಮಾಡಿ. ಎರಡು ಸಲ ಚರಂಡಿಯ ಅಂಚಿಗೆ ಹೋಗಿ ಬಂದೆವು.

"ಎಡ ಬಲ ಬ್ಯಾಡ ಕಣೇ, ಏನು ಕಾಣ್ತೈತೋ ಅದನ್ನ ಹೇಳು!" ಅಂತ ಅಪ್ಪ ಕಿರುಚಿದ.

ಆಮೇಲೆ ಅಮ್ಮ, "ಕೆರೆ ಕಡೆಗೆ... ಹಾ... ಈಗ ದೇವಸ್ಥಾನದ ಕಡೆಗೆ... ನಿಲ್ಸಿ, ಎಮ್ಮೆ ಬಂತು... ಹೋಯ್ತು, ಬನ್ನಿ" ಅಂತ ಹೇಳುತ್ತಾ ಹೋದಳು. ಅಪ್ಪ ಒಂದಕ್ಕೂ ಎದುರು ಮಾತಾಡದೆ ಹೇಳಿದಂತೆ ತಿರುಗಿಸಿದ. ಅವನು ಅವಳ ಮಾತು ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಎದುರಿಗೆ ಬಂದವರು ಸೈಕಲ್ಲಿನಿಂದ ಇಳಿದು ನಿಂತು ನೋಡಿದರು. ಒಂದು ಶಾಲೆಯ ಮಕ್ಕಳೆಲ್ಲ ಹೋ ಎಂದು ಕೂಗಿದರು. ನನ್ನ ಕಾಲೇಜಿನವರು ಯಾರೂ ನೋಡದಿರಲಿ ಎಂದು ನಾನು ಮೂಟೆಯಲ್ಲಿ ಮುಖ ಹುದುಗಿಸಿಕೊಂಡೆ.

ಹತ್ತಕ್ಕೆ ಇನ್ನೂ ಕಾಲು ಗಂಟೆ ಇರುವಾಗ ವಿಜಯಪುರದ ಗೂಡು ಮಾರುಕಟ್ಟೆಯ ಗೇಟಿನೊಳಕ್ಕೆ ಜೀಪು ಹಿಂದುಮುಂದಾಗಿಯೇ ಹೋಯಿತು. ಮೂಟೆ ಇಳಿಸಲು ಅದೇ ಅನುಕೂಲ, ತಿರುಗಿಸುವ ಕೆಲಸವಿಲ್ಲ. ಮಳೆಯಿಂದಾಗಿ ಆ ದಿನ ಗೂಡು ಬಂದಿದ್ದು ಕಡಿಮೆ, ಗೂಡಿನಿಂದ ನೂಲು ತೆಗೆಯುವ ರೀಲರುಗಳು ಮುಗಿಬಿದ್ದರು. ಸಾಬರೊಬ್ಬರು ಅಮ್ಮನ ಗೂಡನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ಯಾರಮ್ಮಾ ಸಾಕಿದ್ದು?" ಅಂತ ಕೇಳಿದರು. ಅಮ್ಮ "ನಾನೇ" ಅಂದಳು. ಆ ದಿನದ ಮೇಲಿನ ದರ ಅವಳ ಗೂಡಿಗೇ ಆಯಿತು.

ಹೋಟೆಲಿನಲ್ಲಿ ಇಡ್ಲಿ ತಿಂದು ಹೊರಟೆವು. ಊರ ದಾರಿ ಹಿಡಿಯುವ ಬದಲು ಅಪ್ಪ ಇನ್ನೊಂದು ಬೀದಿಗೆ ಜೀಪು ತಿರುಗಿಸಿದ. ಒಂದು ಗುಜರಿ ಅಂಗಡಿಯ ಮುಂದೆ ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ.

"ಇಲ್ಯಾಕೆ ನಿಲ್ಸಿದ್ರಿ?" ಅಂದಳು ಅಮ್ಮ.

"ಮಾತು ಅಂದ್ರೆ ಮಾತು. ಗೂಡು ಮಾರಾಟ ಆಯ್ತಲ್ಲ. ನೀವಿಬ್ರೂ ಬಸ್ಸು ಬಂದ್ರೆ ಹೋಗಿ, ನಾನು ಇದನ್ನ ಮುಗ್ಸಿ ಬತ್ತೀನಿ."

ಅಮ್ಮ ಹಿಂದಿನಿಂದ ಇಳಿದು ಬಂದು ಅವನ ಪಕ್ಕದಲ್ಲಿ ನಿಂತಳು. ಬೀದಿಯ ಜನ ನೋಡುತ್ತಿದ್ದಾರೆ ಎಂಬುದೂ ಅವಳಿಗೆ ಬೇಕಾಗಿರಲಿಲ್ಲ.

"ಇಪ್ಪತ್ತೆರಡು ವರ್ಷ ಈ ಮುಂದಿನ ಸೀಟಲ್ಲಿ ಯಾರ್ಯಾರೋ ಕೂತ್ರು. ಸಾಹೇಬ್ರು ಕೂತ್ರು, ಅವ್ರ ಹೆಂಡ್ತೀರು ಕೂತ್ರು, ಅವ್ರ ನಾಯೀನೂ ಕೂತಿತ್ತು. ಇವಳು ನನ್ನ ಹೊಟ್ಟೇಲಿ ಏಳು ತಿಂಗಳು. ತಲೆ ಮೇಲೆ ಗೂಡಿನ ಮೂಟೆ ಹೊತ್ಕೊಂಡು ಇದೇ ರಸ್ತೇಲಿ ನಡ್ಕೊಂಡು ಬರ್ತಿದ್ದೆ. ನೀವು ಇದೇ ಜೀಪಲ್ಲಿ ನನ್ನ ಪಕ್ಕದಲ್ಲೇ ಧೂಳೆಬ್ಬಿಸ್ಕೊಂಡು ಹೋದ್ರಿ. ತಿರುಗಿ ಸಮೇತ ನೋಡ್ಲಿಲ್ಲ."

ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಹದಿನೇಳು ವರ್ಷ ಅಮ್ಮ ಇದನ್ನು ಯಾರ ಹತ್ತಿರವೂ ಆಡಿರಲಿಲ್ಲ.

ಅಪ್ಪ ಸ್ಟೇರಿಂಗ್ ಮೇಲಿಂದ ಕೈ ತೆಗೆದ. "ಸಾಹೇಬ್ರು ಪಕ್ಕದಲ್ಲಿದ್ರು ಕಣೇ. ಮನೆಯೋರನ್ನ ಹತ್ತಿಸ್ಕೊಂಡ್ರೆ ಕೆಲ್ಸ ಹೋಗ್ತಿತ್ತು. ತಿರುಗಿ ನೋಡ್ಲಿಲ್ಲ, ನಿಜ. ಕನ್ನಡೀಲಿ ನೋಡ್ದೆ. ಕೆರೆ ತಿರುವು ಬರೋವರ್ಗೂ ನೋಡ್ತಾನೇ ಇದ್ದೆ." ಲುಂಗಿಯ ಅಂಚಿನಿಂದ ಸ್ಟೇರಿಂಗ್ ಒರೆಸಿದ. "ಹರಾಜಿಗೆ ಬಂದಾಗ ಬ್ಯಾರೆ ಯಾರೋ ತಗೊಂಡ್ರೆ ಅಂತ ಭಯ ಆಯ್ತು. ನೀನು ಕೂತ್ಕೊಳ್ಲಿ ಅಂತಾನೇ ತಂದಿದ್ದು. ಕೆಸ್ರಲ್ಲಿ ನೀನು ನಡೀಬಾರ್ದು ಅಂತಾನೇ ಎತ್ತರ ಮಾಡಿದ್ದು."

ಅಮ್ಮ ಹಣೆ ಚಚ್ಚಿಕೊಂಡಳು. ಅತ್ತುಕೊಂಡೇ ಬೈದಳು. "ಅಯ್ಯೋ ನಿಮ್ಮ ಬಾಯಿಗೆ ಮಣ್ಣಾಕ! ಮೂರು ವರ್ಷದಲ್ಲಿ ಒಂದ್ಸಲ ಇದನ್ನ ಹೇಳಿದ್ರೆ ಮುತ್ತು ಉದುರ್ತಿತ್ತಾ? ಹೇಳಿದ್ರೆ ನಾನೇ ಬೋಲ್ಟು ಹಿಡ್ಕೊಂಡು ನಿಂತ್ಕೊಳ್ತಿದ್ನಲ್ರೀ!"

ಗುಜರಿ ಅಂಗಡಿಯವನು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ಏನಮ್ಮಾ ಕೊಡೋದಾ ಎಂದು ಕೇಳಿದ. "ನಿನ್ನ ಕೆಲ್ಸ ನೋಡ್ಕೋ ಹೋಗಪ್ಪಾ" ಅಂತ ಅಮ್ಮ ಅವನ ಮೇಲೆ ಹರಿಹಾಯ್ದಳು. ನನಗೂ ರೇಗಿತು, ಇಬ್ಬರ ಮೇಲೂ ರೇಗಿತು. ಇವನು ಹೇಳಲಿಲ್ಲ, ಅವಳು ಕೇಳಲಿಲ್ಲ, ನಡುವೆ ನಾನು ಮೂರು ವರ್ಷ ಇವರ ಜಗಳಕ್ಕೆ ಸಾಕ್ಷಿ ಹೇಳುತ್ತಾ ಬೆಳೆದೆ.

ಅಮ್ಮ ಆ ಕಡೆ ಸುತ್ತಿಕೊಂಡು ಬಂದು, ಸೀರೆಯ ನೆರಿಗೆ ಎತ್ತಿ ಹಿಡಿದು, ಮುಂದಿನ ಸೀಟಿಗೆ ಹತ್ತಿದಳು. ಅಪ್ಪ ಎತ್ತರ ಮಾಡಿದ್ದರಿಂದ ಹತ್ತುವುದು ಕಷ್ಟವಾಯಿತು. ಅದಕ್ಕೂ ಬೈದಳು. ನಾನು ಹಿಂದೆ ಖಾಲಿ ಚೀಲಗಳ ಮೇಲೆ ಕೂತೆ.

"ನಡೀರಿ ಮನೆಗೆ. ಈ ಸಲ ಮುಂದಕ್ಕೆ" ಅಂದಳು.

ಮುಂದಕ್ಕೆ ಹೋಗಲು ಇದ್ದದ್ದು ಆ ಒಂದು ಗೇರು ಮಾತ್ರ, ಅದು ನಡೆದುಕೊಂಡು ಹೋಗುವಷ್ಟೇ ವೇಗ. ಎಂಜಿನ್ ಕಾದು ಹಬೆಯಾಡಿದಾಗಲೆಲ್ಲ ನಿಲ್ಲಿಸಿ ನೀರು ಹುಯ್ಯಬೇಕು. ಹನ್ನೊಂದು ಕಿಲೋಮೀಟರಿಗೆ ಮೂರು ಗಂಟೆ ಹಿಡಿಯಿತು. ಒಂದು ಎತ್ತಿನ ಗಾಡಿ ನಮ್ಮನ್ನು ಹಿಂದೆ ಹಾಕಿ ಹೋಯಿತು. ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ದಾರಿಯಲ್ಲಿ ಸಿಕ್ಕ ಗುರುತಿನವರನ್ನೆಲ್ಲ ತಾನೇ ಕೂಗಿ ಮಾತಾಡಿಸಿದಳು.

"ಉಲ್ಟಾ ಹೋದ್ರೆ ಅರ್ಧ ಗಂಟೇಲಿ ಮನೆ ಸೇರ್ಬೋದು" ಅಂದ ಅಪ್ಪ.

"ಬ್ಯಾಡ" ಅಂದಳು ಅಮ್ಮ.